ಅಪ್ಪನಿಗೆ ನಿದ್ದೆ ಬರುವ ಗಾಡಿ

ನಾನು ಇಂಡಿ ಊರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಕ್ಕೋರು. ಏನೇ ಕೊಳ್ಳಬೇಕಾದರೂ ಮೊದಲು ಹಾಳೆಯ ಮೇಲೆ ಗೆರೆ ಎಳೆದು ಪಟ್ಟಿ ಮಾಡುವ ಚಟ ನನಗಿದೆ. ಹೊಲದ ಕೆಲಸಕ್ಕೆ ಒಂದು ಗಾಡಿ ತರುವುದೆಂದು ಮನೆಯಲ್ಲಿ ತೀರ್ಮಾನವಾದ ದಿನವೂ ಹಾಗೇ ಮಾಡಿದೆ. ಎಷ್ಟು ಚೀಲ ನಿಂಬೆ ಹಿಡಿಸುತ್ತದೆ, ಎಷ್ಟು ಎಣ್ಣೆ ಕುಡಿಯುತ್ತದೆ, ನೀರಿನ ಡ್ರಮ್ಮು ಇಡಲು ಜಾಗ ಇದೆಯೇ, ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಹೂತುಕೊಂಡರೆ ತಾನೇ ಎದ್ದು ಬರುತ್ತದೆಯೇ ಎಂದೆಲ್ಲ ಬರೆದು, ಕಟ್ಟೆಯ ಮೇಲೆ ಕೂತಿದ್ದ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕೊನೆಯವರೆಗೂ ಕೇಳಿಸಿಕೊಂಡ.

"ಎಲ್ಲಾ ಬರೋಬರಿ ಐತಿ. ಇನ್ನೊಂದು ಬರಕೋ. ಅದರಾಗ ನಿದ್ದಿ ಬರ್ತೈತೋ ಇಲ್ಲೋ?"

ಬೇರೆ ಯಾರ ಮನೆಯಲ್ಲಾದರೂ ಇದು ನಗುವ ಮಾತು. ನಾನೂ ನಗಲಿಲ್ಲ, ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನೂ ನಗಲಿಲ್ಲ. ಅವಳ ಬಡಿತ ಒಂದು ಗಳಿಗೆ ನಿಂತಿತು, ಅಷ್ಟೆ.

ಸಾಲೋಟಗಿಯ ಕಡೆ ನಮ್ಮ ನಿಂಬೆ ತೋಟ. ಮನೆಯಿಂದ ತೋಟಕ್ಕೆ ಎತ್ತಿನ ಚಕ್ಕಡಿಯಲ್ಲಿ ಒಂದು ಗಂಟೆಯ ಹಾದಿ, ನಡುವೆ ಒಂದು ಹಳ್ಳ. ಅಪ್ಪನ ನಿದ್ದೆ ಎಂದರೆ ಆ ಒಂದು ಗಂಟೆ. ಪಂಪಿಗೆ ಕರೆಂಟು ಬರುವುದು ಹೊತ್ತಲ್ಲದ ಹೊತ್ತಿನಲ್ಲಿ. ನಸುಕಿನಲ್ಲಿ ನಮಾಜಿಗೆ ಏಳಬೇಕು. ಹಾಸಿಗೆಯಲ್ಲಿ ಬಿದ್ದರೂ ಅಪ್ಪನ ಕಿವಿ ತೋಟದಲ್ಲೇ ಇರುತ್ತಿತ್ತು. ಸಂಜೆ ಕೆಲಸ ಮುಗಿಸಿ, ಚಕ್ಕಡಿಗೆ ದನದ ಮೇವಿನ ಜೋಳದ ಕಣಿಕೆ ಹೇರಿ, ಅದರ ಮೇಲೆ ಅಡ್ಡಾಗಿ, ರುಮಾಲನ್ನು ಮುಖದ ಮೇಲೆ ಎಳೆದುಕೊಂಡು ಹಗ್ಗ ಬಿಟ್ಟುಬಿಡುತ್ತಿದ್ದ. ಮುಂದಿನದು ಎತ್ತುಗಳ ಕೆಲಸ. "ನಿಮ್ಮಪ್ಪಗ ಹಾಸಿಗ್ಯಾಗ ನಿದ್ದಿ ಬರೂದಿಲ್ಲ, ಹಾದಿ ಮ್ಯಾಲ ಬರ್ತೈತಿ," ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು.

ಸಣ್ಣವಳಿದ್ದಾಗ ನಾನೂ ಆ ಕಣಿಕೆಯ ಮೇಲೆ ಕೂತು ಬಂದಿದ್ದೇನೆ. ಈಗಲೂ ಕಣ್ಣು ಮುಚ್ಚಿದರೆ ಆ ಸಂಜೆಗಳು ಒಂದರೊಳಗೊಂದು ಕರಗಿ ಒಂದೇ ಉದ್ದನೆಯ ಸಂಜೆಯಾಗುತ್ತವೆ. ಬಿಸಿಲು ಇಳಿದ ಮೇಲಿನ ಎರೆಮಣ್ಣಿನ ವಾಸನೆ, ಕೈಗೆ ಅಂಟಿದ ನಿಂಬೆಯ ವಾಸನೆ, ಗಾಲಿ ತಿರುಗುವಾಗಿನ ಒಂದು ನರಳಿಕೆ. ಆಕಾಶ ಹಿಂದೆ ಸರಿಯುತ್ತಿದೆಯೋ ನಾವು ಮುಂದೆ ಹೋಗುತ್ತಿದ್ದೇವೋ ತಿಳಿಯುತ್ತಿರಲಿಲ್ಲ. ಹಳ್ಳಕ್ಕೆ ಬಂದಾಗ ಎತ್ತುಗಳು ತಾವೇ ನಿಲ್ಲುತ್ತಿದ್ದವು. ಆಗ ಅಪ್ಪ, ನಿದ್ದೆಯಲ್ಲೇ, ರುಮಾಲಿನ ಒಳಗಿಂದ ಹೇಳುತ್ತಿದ್ದ: "ಕುಡೀರೆಪ್ಪ, ಸಾವಕಾಶ ಕುಡೀರಿ." ಅವು ಸಾವಕಾಶವಾಗಿ ಕುಡಿಯುತ್ತಿದ್ದವು. ಕುಡಿದಾದ ಮೇಲೆ ಅಪ್ಪ ನಾಲಗೆಯಿಂದ ಒಮ್ಮೆ 'ಚ್ಚ' ಎನ್ನುತ್ತಿದ್ದ, ಚಕ್ಕಡಿ ಹೊರಡುತ್ತಿತ್ತು. ಮನೆಗೆ ಬಂದು ಇದನ್ನು ಹೇಳಿದರೆ ಅಪ್ಪ ಒಪ್ಪುತ್ತಿರಲಿಲ್ಲ. "ನಿದ್ದ್ಯಾಗ ಯಾರರ ಮಾತಾಡ್ತಾರೇನು? ನಿನಗ ಕನಸು ಬಿದ್ದಿರಬೇಕು," ಎನ್ನುತ್ತಿದ್ದ. ಇರಬಹುದೇನೋ ಎಂದು ನನಗೂ ಎಷ್ಟೋ ವರ್ಷ ಅನುಮಾನವಿತ್ತು.

ಹೋದ ವರ್ಷ ಎಡಗಡೆಯ ಎತ್ತು ಮುಪ್ಪಾಗಿ ತೀರಿಕೊಂಡಿತು. ಕನ್ನೊಳ್ಳಿಯಲ್ಲಿ ಹೀಗೇ ಜೋಡಿ ತಪ್ಪಿದ ಒಂದು ಎತ್ತು ಇದ್ದ ರೈತನಿಗೆ ಅಪ್ಪ ಬಲಗಡೆಯದನ್ನು ಒಪ್ಪಿಸಿ ಬಂದ. ಹೊಸ ಜೋಡಿ ತರೋಣ ಎಂದರೆ, "ಹಾದಿ ಕಲಸಾಕ ವರ್ಷಗಟ್ಟಲೆ ಬೇಕು ಮಗಳ. ನನಗ ಈಗ ಅಷ್ಟು ಹರೇ ಉಳದಿಲ್ಲ," ಎಂದ. ಅಂದಿನಿಂದ ಅಪ್ಪನಿಗೆ ನಿದ್ದೆ ಇಲ್ಲ. ಡಾಕ್ಟರು ಕೊಟ್ಟ ಗುಳಿಗೆ ನುಂಗಿದರೆ ಮಂಪರು ಬರುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಹಣ್ಣು ಕೀಳುವಾಗ ಎಳೆಗಾಯಿಯನ್ನೂ ಕಿತ್ತು ಚೀಲಕ್ಕೆ ಹಾಕತೊಡಗಿದ. ಒಂದು ದಿನ ನೀರು ಬಿಟ್ಟು ಯಾವ ಸಾಲಿಗೆ ಬಿಟ್ಟೆನೆಂಬುದೇ ಮರೆತು ತೋಟದ ನಡುವೆ ಸುಮ್ಮನೆ ನಿಂತಿದ್ದ. ನನಗೆ ಭಯವಾಯಿತು. ಗಾಡಿ ಬೇಕಾದದ್ದು ನಿಂಬೆ ಹೇರಲಿಕ್ಕೆ, ನಿಜ. ಆದರೆ ಅಪ್ಪ ಬರೆಸಿದ ಆ ಕೊನೆಯ ಸಾಲಿನ ಕೆಳಗೆ ನಾನೇ ಎರಡು ಗೆರೆ ಎಳೆದೆ.

ರಜೆಯ ದಿನಗಳಲ್ಲಿ ಅಪ್ಪನನ್ನು ಕರೆದುಕೊಂಡು ಹೊರಟೆ. ಓಡಿಸುವವಳು ನಾನೇ ಎಂದು ಆಗಲೇ ಗೊತ್ತಾಗಿತ್ತು. ಲೈಸೆನ್ಸು ಇದ್ದದ್ದು ನನ್ನ ಹತ್ತಿರ ಮಾತ್ರ.

ಮೊದಲು ಇಂಡಿಯಲ್ಲೇ ಟ್ರ್ಯಾಕ್ಟರ್ ನೋಡಿದೆವು. ಮಾರುವವನು ಎಂಜಿನ್ನಿನ ಶಕ್ತಿಯ ಬಗ್ಗೆ ಬಾಯಿ ತುಂಬಾ ಹೇಳುತ್ತಿದ್ದಾಗ ಅಪ್ಪ ಮೆಲ್ಲಗೆ ಹಿಂದಿನ ಟ್ರೇಲರ್ ಹತ್ತಿ ಉದ್ದಕ್ಕೆ ಮಲಗಿಬಿಟ್ಟ. ಹುಡುಕಿಕೊಂಡು ಬಂದವನಿಗೆ ಗಾಬರಿಯಾಯಿತು.

"ಯಜಮಾನ್ರ, ಅರಾಮ ಇಲ್ಲೇನ್ರಿ?"

"ಅರಾಮ ಅದೀನ್ರಿ. ನಿಮ್ಮ ಡ್ರೈವರಗ ಹೇಳ್ರಿ, ಒಂದು ಸುತ್ತು ಹೊಡೀಲಿ."

ಒಂದು ಸುತ್ತು ಹೊಡೆಸಿದರು. ಅಪ್ಪ ಇಳಿದು ಬಂದು ಮೈ ಕೊಡವಿಕೊಂಡ. "ಭಾಳ ಒದರತೈತಿ. ಒದರೂ ಮಂದಿ ಹತ್ರ ನಿದ್ದಿ ಹೆಂಗ ಬರಬೇಕು?" ಎಂದ. ನಾಚಿಕೆಯಿಂದ ನನ್ನ ಮುಖ ಕೆಂಪಾಯಿತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲೇ ಬಿಲ್ಲು ಬರೆಯುವ ಕೆಲಸಕ್ಕಿದ್ದಳು, ತಲೆ ತಗ್ಗಿಸಿ ನಗುತ್ತಿದ್ದಳು.

ಸಿಂದಗಿಯಲ್ಲಿ ಸಾಮಾನು ಹೇರುವ ಟಂಟಂ ನೋಡಿದೆವು. ಮೂರು ಗಾಲಿಯದು, ಸಂದಿಗೊಂದಿಯಲ್ಲೂ ತಿರುಗುತ್ತದೆ, ನನ್ನ ಪಟ್ಟಿಯ ಅರ್ಧಕ್ಕೆ ಟಿಕ್ ಬಿದ್ದಿತ್ತು. ಓಡಿಸುವವರ ಪಕ್ಕ ಅಪ್ಪ ಕೂರುವುದೆಲ್ಲಿ ಎಂಬುದೇ ತಿಳಿಯಲಿಲ್ಲ. ಅಪ್ಪ ಅದನ್ನು ಒಂದು ಸಲ ಸುತ್ತಿ ನೋಡಿ, "ನಿಂತಲ್ಲೇ ಇಷ್ಟು ಅಂಜತೈತಿ, ನಮ್ಮ ಹಳ್ಳ ನೋಡಿದ್ರ ಏನ್ ಮಾಡೀತು," ಎಂದ.

ಮುದ್ದೇಬಿಹಾಳದಲ್ಲಿ ಹೊಚ್ಚಹೊಸ ಪಿಕಪ್ ಇತ್ತು. ಬಿಸಿಲಿನಲ್ಲಿ ಬೆಂದು ಹೋಗಿದ್ದವರಿಗೆ ಅದರ ತಂಪುಗಾಳಿ ಸ್ವರ್ಗವೆನಿಸಿತು. ಸೀಟೂ ಮೆತ್ತಗಿತ್ತು. ಅಪ್ಪ ಕಣ್ಣು ಮುಚ್ಚಿದ. ನನಗೆ ಉಸಿರು ಬಿಡಲೂ ಹೆದರಿಕೆ. ಗಾಡಿ ಹೊರಟದ್ದೇ ತಡ, ಅಪ್ಪ ಬೆಲ್ಟು ಹಾಕಿಲ್ಲವೆಂದು ಕೀಂ ಕೀಂ ಅನ್ನತೊಡಗಿತು. ಬೆಲ್ಟು ಹಾಕಿದೆವು. ಹಿಂದೆ ಸರಿಯುವಾಗ ಮತ್ತೆ ಕೀಂ ಕೀಂ. ಬಾಗಿಲು ಸರಿಯಾಗಿ ಬಿದ್ದಿರಲಿಲ್ಲ, ಅದಕ್ಕೊಂದು ಕೀಂ ಕೀಂ. "ಇದು ಸಾಲಿ ಮಾಸ್ತರ ಇದ್ದಂಗ ಐತಿ. ಕಣ್ಣು ಮುಚ್ಚಿದ್ರ ಎಬ್ಬಸತೈತಿ," ಎಂದು ನನ್ನ ಕಡೆ ನೋಡಿ ನಕ್ಕ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಸಿಟ್ಟು ತಡೆಯಲಾರದೆ ಹೇಳಿಯೇಬಿಟ್ಟೆ. "ಅಪ್ಪಾ, ಚಿಂತಿ ಇಲ್ಲದವಗ ಸಂತ್ಯಾಗೂ ನಿದ್ದಿ ಅಂತಾರ. ತಪ್ಪು ಗಾಡೀದಲ್ಲ, ನಿಂದು. ನಿನಗ ಏನು ಚಿಂತಿ ಐತಿ, ಅದನ್ನ ಹೇಳು ಮೊದಲ."

ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. ಬಿತ್ತನೆಗೆ ಕಾದಿದ್ದ ಬರಿಯ ಎರೆಹೊಲಗಳು ಹಿಂದೆ ಹಿಂದೆ ಓಡುತ್ತಿದ್ದವು. "ಚಿಂತಿ ಏನಿಲ್ಲವ್ವ. ಎಚ್ಚರ ಇರಾಕ ನನ್ನ ಬದಲಿ ಇನ್ನೊಬ್ಬರು ಬೇಕು," ಎಂದ. ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ಬಸ್ಸು ತುಂಬಾ ಜನ ತೂಗಾಡುತ್ತ ನಿದ್ದೆ ಮಾಡುತ್ತಿದ್ದರು, ಎಚ್ಚರ ಇದ್ದವರು ಡ್ರೈವರ್, ಕಂಡಕ್ಟರ್ ಮತ್ತು ನಾವಿಬ್ಬರು.

ಕೊನೆಗೆ ಗಾಡಿ ಸಿಕ್ಕಿದ್ದು ಬಸವನ ಬಾಗೇವಾಡಿಯ ಹತ್ತಿರದ ಇಂಗಳೇಶ್ವರದಲ್ಲಿ. ಯಾರೋ ಹಳೆಯ ಪಿಕಪ್ ಮಾರುತ್ತಾರೆಂದು ಸುದ್ದಿ ಬಂದಾಗ ಅಪ್ಪ ನಾನು ಕರೆಯುವ ಮೊದಲೇ ಅಂಗಿ ಹಾಕಿಕೊಂಡು ನಿಂತಿದ್ದ. ಹರೆಯದಲ್ಲಿ ತನ್ನ ಮೊದಲ ಜೋಡಿ ಎತ್ತನ್ನು ಕೊಂಡು, ಮೂರು ದಿನ ನಡೆಸಿಕೊಂಡು ಬಂದದ್ದು ಆ ಕಡೆಯಿಂದಲೇ. ಬಸ್ಸಿನಲ್ಲಿ ಕೂತು, ಇಲ್ಲಿ ನೀರು ಕುಡಿಸಿದ್ದೆ, ಇಲ್ಲಿ ಬೇವಿನ ನೆರಳಿಗೆ ಬಿಟ್ಟಿದ್ದೆ, ಎಂದು ನನಗೆ ಕಾಣದ ಗಿಡಗಳನ್ನೆಲ್ಲ ತೋರಿಸುತ್ತ ಬಂದ. ಎಷ್ಟೋ ಗಿಡಗಳು ಈಗ ಇರಲೇ ಇಲ್ಲ. ಅಪ್ಪ ತೋರಿಸಿದ ಮೇಲೆ ಇದ್ದಂತೆ ಕಂಡವು.

ಮಾರುವಾತ ಹಣೆಗೆ ವಿಭೂತಿ ಹಚ್ಚಿದ, ಅಪ್ಪನಷ್ಟೇ ವಯಸ್ಸಿನ ರೈತ. ಗಾಡಿಯ ಗುಣಕ್ಕಿಂತ ಮೊದಲು ದೋಷ ಹೇಳಿದ. "ಎರಡನೇ ಗೇರು ಸ್ವಲ್ಪ ಹಟಮಾರಿ ಐತ್ರಿ. ಜಬರದಸ್ತಿ ಮಾಡಬ್ಯಾಡ್ರಿ, ಒಂದು ಗಳಿಗಿ ತಡದ್ರ ತಾನಽ ಬೀಳತೈತಿ."

"ನಮ್ಮ ಬಲಗಡೀದೂ ಹಂಗಽ ಇತ್ರಿ," ಎಂದ ಅಪ್ಪ. ಇಬ್ಬರೂ ತಲೆಯಾಡಿಸಿದರು. ನನ್ನ ಪಟ್ಟಿಯನ್ನು ಯಾರೂ ಕೇಳಲಿಲ್ಲ. ನಾನೇ ತೆಗೆದು ನೋಡಿಕೊಂಡೆ, ಗಾಡಿ ಮುಕ್ಕಾಲು ಪಾಲು ಪಾಸಾಗಿತ್ತು.

ಹೊರಡುವ ಮುನ್ನ ಆತನ ಹೆಂಡತಿ ನಾಲ್ಕು ಗಾಲಿಯ ಕೆಳಗೆ ಇಡಲು ನಾಲ್ಕು ನಿಂಬೆಹಣ್ಣು ತಂದರು. ಅಪ್ಪ ಒಂದನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿದ. "ಯಕ್ಕಾ, ಇವು ನಮ್ಮ ಕಡೆ ಹಣ್ಣು. ಬೆಳದ ಕೈಲೆ ತುಳಸಾಕ ಆಗೂದಿಲ್ರಿ," ಎಂದು ನಾಲ್ಕನ್ನೂ ಅಂಗಿಯ ಜೇಬಿಗೆ ಹಾಕಿಕೊಂಡ. ಆಕೆ ನಕ್ಕು, ಗಾಲಿಗಳ ಮೇಲೆ ಒಂದೊಂದು ಹನಿ ನೀರು ಹಾಕಿ ನಮ್ಮನ್ನು ಕಳಿಸಿದರು.

ಬರುವ ದಾರಿಯುದ್ದಕ್ಕೂ ಅಪ್ಪ ಕಣ್ಣು ಮಿಟುಕಿಸಲಿಲ್ಲ. ನೆಟ್ಟಗೆ ಕೂತು, ಬಾಗಿಲ ಮೇಲಿನ ಹಿಡಿಕೆ ಹಿಡಿದು, ನಾನು ಬ್ರೇಕು ಒತ್ತುವ ಮುಂಚೆಯೇ ತನ್ನ ಕಾಲು ಒತ್ತುತ್ತಿದ್ದ. ಜೇಬಿನ ನಿಂಬೆಯ ವಾಸನೆ ಗಾಡಿಯೊಳಗೆಲ್ಲ ತುಂಬಿತ್ತು. 

"ಇದರಾಗೂ ಬರಲಿಲ್ಲೇನಪ್ಪಾ?"

"ಗಾಡಿ ಚಲೋ ಐತಿ ಮಗಳ. ಎತ್ತಿಗೆ ಹಾದಿ ಗೊತ್ತಿತ್ತು. ಇದಕ್ಕ ಗೊತ್ತಿಲ್ಲ."

"ಓಡಸಾಕಿ ನಾನು. ನನಗೂ ಗೊತ್ತಿಲ್ಲೇನು?"

ಅಪ್ಪ ಹಿಡಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ನನಗೆ ಸಿಟ್ಟಿಗಿಂತ ನೋವೇ ಹೆಚ್ಚಾಯಿತು. ಊರಿನ ಮಕ್ಕಳಿಗೆಲ್ಲ ದಾರಿ ತೋರಿಸುವ ಅಕ್ಕೋರನ್ನು, ಹೆತ್ತ ಅಪ್ಪನೇ, ಎತ್ತಿಗಿಂತ ಕಡೆ ಎಂದ ಹಾಗಾಯಿತು. ಮನೆಗೆ ಬಂದು ಅವ್ವನಿಗೆ ಹೇಳಿದರೆ, "ಎತ್ತಿಗೂ ಒಂದಽ ದಿನಕ್ಕ ಹಾದಿ ಬಂದಿರಲಿಲ್ಲ," ಎಂದಳು, ಅಷ್ಟೆ.

ಮಳೆಗಾಲ ಮುಗಿದು ಚಳಿ ಬರುವವರೆಗೂ ಹೀಗೇ ನಡೆಯಿತು. ಶಾಲೆ ಬಿಟ್ಟ ಮೇಲೆ ತೋಟಕ್ಕೆ ಹೋಗುವುದು, ಚೀಲ ಹೇರುವುದು, ಅಪ್ಪನನ್ನು ಪಕ್ಕ ಕೂರಿಸಿಕೊಂಡು ಮನೆಗೆ ಬರುವುದು. ಅಪ್ಪ ಎಚ್ಚರವಾಗಿಯೇ ಇರುತ್ತಿದ್ದ, ಹೇಳುತ್ತಲೇ ಇರುತ್ತಿದ್ದ. ಎಡಕ್ಕ ತಗೋ, ಅಲ್ಲಿ ತಗ್ಗು ಐತಿ. ಬನ್ನಿಗಿಡ ದಾಟಿದ ಮ್ಯಾಲ ಮಣ್ಣು ಜಿಗಟು, ನಿಲ್ಲಿಸಬ್ಯಾಡ. ಇಲ್ಲಿ ಕುರಿ ಅಡ್ಡ ಬರ್ತಾವ ಈ ಹೊತ್ತಿಗೆ. ಮೊದಮೊದಲು ಕಿರಿಕಿರಿ ಅನಿಸುತ್ತಿತ್ತು. ಆಮೇಲೆ ಅಪ್ಪ ಹೇಳುವ ಮುಂಚೆಯೇ ನನ್ನ ಕೈ ತಿರುಗತೊಡಗಿತು. ಎರಡನೇ ಗೇರಿಗೆ ಎಷ್ಟು ತಡೆಯಬೇಕೆಂಬುದೂ ಕೈಗೆ ಗೊತ್ತಾಯಿತು. ಹೇಳುವ ಮಾತು ದಿನದಿಂದ ದಿನಕ್ಕೆ ಕಡಿಮೆಯಾಯಿತು. ನಾನು ಅದನ್ನು ಗಮನಿಸಲಿಲ್ಲ, ಅಷ್ಟರಲ್ಲಾಗಲೇ ಆಸೆ ಬಿಟ್ಟಿದ್ದೆ.

ಆ ಸಂಜೆ ಹಿಂದೆ ಹದಿನಾಲ್ಕು ಚೀಲ ನಿಂಬೆ ಇತ್ತು, ಮೇಲೆ ಮನೆಯ ಆಕಳಿಗೆಂದು ಒಂದು ಹೊರೆ ಕಣಿಕೆ. ಬಿಸಿಲು ಜೋಳದ ತೆನೆಗಳ ಎತ್ತರಕ್ಕೆ ಇಳಿದಿತ್ತು. ಬನ್ನಿಗಿಡ ಬಂತು, ಅಪ್ಪ ಏನೂ ಹೇಳಲಿಲ್ಲ. ಕುರಿ ಅಡ್ಡ ಬಂದವು, ಆಗಲೂ ಹೇಳಲಿಲ್ಲ. ತಿರುಗಿ ನೋಡಿದರೆ ಹಿಡಿಕೆ ಹಿಡಿದಿದ್ದ ಕೈ ತೊಡೆಯ ಮೇಲೆ ಬಿದ್ದಿತ್ತು. ರುಮಾಲು ಜಾರಿ ಕಣ್ಣಿನ ಮೇಲೆ ಬಂದಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ನನ್ನ ಕಣ್ಣು ತುಂಬಿ ಹಾದಿ ಮಸುಕಾಯಿತು, ಆದರೂ ತಗ್ಗು ಎಲ್ಲೆಲ್ಲಿವೆ ಎಂದು ಗೊತ್ತಿತ್ತು.

ಹಳ್ಳದ ಹತ್ತಿರ ಬಂದಾಗ ಗಾಡಿ ನಿಲ್ಲಿಸಿದೆ. ನಿಲ್ಲಿಸಬೇಕಾದ ಕಾರಣವೇನೂ ಇರಲಿಲ್ಲ, ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ಎಂಜಿನ್ ಬಂದ್ ಮಾಡಿದೆ. ನೀರು ಹರಿಯುವ ಸಪ್ಪಳ ಒಳಗೆ ಬಂತು.

"ಕುಡೀರೆಪ್ಪ," ಎಂದಿತು ರುಮಾಲಿನ ಒಳಗಿನ ದನಿ. "ಸಾವಕಾಶ ಕುಡೀರಿ."

ನನಗೆ ನೀರಡಿಕೆ ಇರಲಿಲ್ಲ. ಬಾಗಿಲ ಸಂದಿಯಲ್ಲಿದ್ದ ಬಾಟಲಿ ತೆಗೆದು, ಒಂದು ಜೋಡಿ ಎತ್ತು ಕುಡಿಯುವಷ್ಟು ಹೊತ್ತು ಸಾವಕಾಶ ಕುಡಿದೆ. ಮುಚ್ಚಳ ಹಾಕಿ ಕಾದೆ. ಅಪ್ಪ ನಾಲಗೆಯಿಂದ ಒಮ್ಮೆ 'ಚ್ಚ' ಎಂದ. ಆಮೇಲೆ ಹೊರಟೆ.