‘ಮೌನ’ ಎಂದು ಪಿಸುಗುಟ್ಟಿದವರು

ಕೊಲ್ಲಿ ನಾಡಿನ ಮಂಗಫ್ ಊರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ಶುಕ್ರವಾರ, ಬೆಳಗಿನ ಆರು ಗಂಟೆ. ಕಿಟಕಿಯ ಗಾಜಿನಿಂದ ಯುದ್ಧದಲ್ಲಿ ಉರಿದ ಎಣ್ಣೆಬಾವಿಗಳ ಹೊಗೆಯ ಕಲೆ ಇನ್ನೂ ಹೋಗಿಲ್ಲ; ಅದನ್ನು ಹಾದು ಬರುವ ಬೆಳಕಿಗೆ ಬೆಲ್ಲದ ಪಾಕದ ಬಣ್ಣ. ಪರದೆಯೆಂದು ಕಟ್ಟಿದ ಬೆಡ್‌ಶೀಟಿನ ಹಿಂದೆ ಪುರಂದರ ಕೂತಿದ್ದಾರೆ, ತೊಡೆಯ ಮೇಲೆ ನಾಟಕದ ಪುಸ್ತಕ.

ವಾರವಿಡೀ ಅವರು ಶುವೈಖ್ ಬಂದರಿನ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತಾರೆ. ಶುಕ್ರವಾರ ಮಾತ್ರ ಪ್ರಾಂಪ್ಟರ್. ನಟರು ಮಾತು ಮರೆತರೆ ಹಿಂದಿನಿಂದ ಪಿಸುಗುಟ್ಟಿ ಕೊಡುವ ಕೆಲಸ. ಊರಿನ ತುಳು ನಾಟಕಗಳಿಂದ ಹಿಡಿದು ಇದು ಮೂವತ್ತೊಂದನೇ ವರ್ಷ.

ಈ ಸಲದ್ದು ಜಪಾನಿನ ನಾಟಕ. ಕನ್ನಡಕ್ಕೆ ತಂದವರು ನಿರ್ದೇಶಕ ಡೋಲ್ಫಿ. ಬರೆದಾತ ಪಶ್ಚಿಮದ ನಾಟಕಗಳನ್ನು ಓದಿ, ತನ್ನ ನಾಡಿನ ಹಳೆಯ ಆಟಗಳ ಬಣ್ಣ, ತಾಳ, ಗಂಡಸರ ಹೆಣ್ಣುವೇಷ ಬದಿಗಿಟ್ಟು, ರಂಗದಲ್ಲೂ ಜನ ಮನೆಯಲ್ಲಿದ್ದಂತೆ ಮಾತಾಡಲಿ ಎಂದವನು. ಮನೆಯಲ್ಲಿ ಜನ ಸುಮ್ಮನೆಯೂ ಇರುತ್ತಾರಲ್ಲ. ಹಾಗಾಗಿ ಅಲ್ಲಲ್ಲಿ ‘ಮೌನ’ ಎಂದು ಬರೆದಿದ್ದಾನೆ.

ಎಡವಟ್ಟಾದದ್ದು ಅಲ್ಲಿಯೇ. ಹಿಂದಿನ ರಿಹರ್ಸಲ್‌ನಲ್ಲಿ ಹೆಂಡತಿಯ ಪಾತ್ರದ ಉಮಾವತಿ ಮಾತು ನಿಲ್ಲಿಸಿದಾಗ ಪುರಂದರ ಪುಸ್ತಕದಲ್ಲಿದ್ದದ್ದನ್ನೇ ಕೊಟ್ಟರು: “ಮೌನ.” ಉಮಾವತಿ ಅದನ್ನೂ ಗಟ್ಟಿಯಾಗಿ ಹೇಳಿಬಿಟ್ಟರು.

“ನಾನೆಂತ ಮಾಡುವುದು? ಪುರಂದರಣ್ಣ ಕೊಟ್ಟದ್ದು ಹೇಳಿಯೇ ಅಭ್ಯಾಸ,” ಎಂದು ಆಕೆ ನಗುತ್ತಾರೆ.

“ನಮ್ಮಲ್ಲಿ ಒಬ್ಬ ಸುಮ್ಮನಾದ ಅಂದ್ರೆ ಮರೆತ ಅಂತಲೇ ಮಾರಾಯ್ರೆ,” ಎನ್ನುತ್ತಾರೆ ಪುರಂದರ. “ಸುಮ್ಮನಿರ್ಲಿಕ್ಕೂ ಬರೆದು ಕೊಡುವವ ಉಂಟು ಅಂತ ನನಗೇನು ಗೊತ್ತು?”

ಹೋದ ವರ್ಷ ಆಗಸ್ಟಿನಲ್ಲಿ ಆಗಬೇಕಿದ್ದ ಪ್ರದರ್ಶನ ಯುದ್ಧಕ್ಕೆ ನಿಂತಿತು. ಅಮ್ಮಾನ್ ದಾರಿಯಾಗಿ ಊರಿಗೆ ಹೊರಟಾಗ ಪುರಂದರರ ಚೀಲದಲ್ಲಿದ್ದದ್ದು ಎರಡು ಅಂಗಿ, ಈ ಪುಸ್ತಕ. ಎಲ್ಲರೂ ಮರಳಿ ಬಂದ ಮೇಲೆ, ಇವತ್ತು ಸಂಜೆ ಕೊನೆಗೂ ನಾಟಕ. ಆದರೆ ಡೋಲ್ಫಿ ಹೇಳಿದ್ದಾರೆ: “ಇನ್ನೊಂದು ಮೌನ ಒಡೆದರೆ ಖಲಾಸ್. ಪುಸ್ತಕ ನಮ್ಮ ಹುಡುಗ ರಾನ್ಸನ್ ಕೈಗೆ.”

ಈಗ ಕೊನೆಯ ರಿಹರ್ಸಲ್. ಉಮಾವತಿ ಮಾತು ನಿಲ್ಲಿಸುತ್ತಾರೆ. ಪುರಂದರರ ತುಟಿ ತೆರೆಯುತ್ತದೆ, ಮುಚ್ಚುತ್ತದೆ. ಕಣ್ಣು ಬೆಡ್‌ಶೀಟಿನ ಕೆಳಗೆ ಕಾಣುವ ಆಕೆಯ ಪಾದಗಳ ಮೇಲೆ. ಪಾದ ಅಲುಗುವುದಿಲ್ಲ. ಕೋಣೆ ನೀರಿನಡಿ ಹೋದಂತಿದೆ. ಬೆಳಕು ಗೋಡೆಯಲ್ಲಿ ಮೆಲ್ಲನೆ ಇಳಿಯುತ್ತದೆ. ಆಕೆ ತಾನೇ ಮಾತು ಎತ್ತಿಕೊಳ್ಳುತ್ತಾರೆ.

ನಾಲ್ಕು ಪುಟ ಕಳೆದು ಮತ್ತೆ ಮಾತು ನಿಲ್ಲುತ್ತದೆ. ಈ ಸಲ ಹೆಬ್ಬೆರಳು ನೆಲ ಕೆರೆಯುತ್ತದೆ. “ದೋಣಿ...” ಎಂದು ಪುರಂದರ ಉಸಿರಿನಲ್ಲೇ ಕೊಡುತ್ತಾರೆ. ಮಾತು ಮುಂದೆ ಹರಿಯುತ್ತದೆ.

“ಎರಡನೇ ಸಲ ನಿಂತದ್ದು ಮರೆತದ್ದಾ?” ಮುಗಿದ ಮೇಲೆ ಡೋಲ್ಫಿ ಕೇಳುತ್ತಾರೆ.

“ಮತ್ತೆಂತ?” ಎನ್ನುತ್ತಾರೆ ಉಮಾವತಿ.

“ನನಗೆ ಗೊತ್ತೇ ಆಗ್ಲಿಲ್ಲ. ಪುಸ್ತಕ ನಿಮ್ಮಲ್ಲೇ ಇರಲಿ, ಪುರಂದರಣ್ಣ.”

“ಮರೆತವರ ಕಾಲು ಸುಮ್ಮನಿರುವುದಿಲ್ಲ,” ಎಂದಷ್ಟೇ ಹೇಳಿ ಪುರಂದರ ಕನ್ನಡಕ ಒರೆಸುತ್ತಾರೆ. ಕರಪತ್ರದಲ್ಲಿ ಅವರ ಹೆಸರಿಲ್ಲ. ಕೇಳಿದರೆ ತಲೆಯಾಡಿಸುತ್ತಾರೆ.

“ಹೆಸರು ಎಂತಕ್ಕೆ? ಸಂಜೆ ಅವಳು ಸುಮ್ಮನೆ ನಿಂತಾಗ ನಾನು ಪುಟ ತಿರುಗಿಸುವ ಸದ್ದು ಜನರಿಗೆ ಕೇಳದಿದ್ದರೆ ಸಾಕು.”