ಸಣ್ಣತ್ತೆಯ ಒಣ ಬಿತ್ತನೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಕಣಗಲಾ ಹತ್ತಿರದ ಹಳ್ಳಿಗೆ ಬಂದೆ. ಜೈನರ ಮನೆ. ಮಾವ ಮತ್ತು ಅವರ ತೀರಿಹೋದ ತಮ್ಮನ ಹೆಂಡತಿ, ಅಂದರೆ ನನ್ನ ಸಣ್ಣತ್ತೆ, ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದರು. ಹಳ್ಳದ ಬದಿಯ ಎರಡು ಎಕರೆ ಭತ್ತದ ಹೊಲ ಮಾತ್ರ ಪಾಲಾಗಿ, ನಡುವೆ ಒಂದು ಬದು ಬಿದ್ದಿತ್ತು. ಗಂಡನ ಅಣ್ಣನ ಜೊತೆ ನೇರವಾಗಿ ಮಾತಾಡುವ ರೂಢಿ ಆ ಮನೆಯ ಹೆಂಗಸರಿಗೆ ಇರಲಿಲ್ಲ. ಹೀಗಾಗಿ ಅವರಿಬ್ಬರ ಮಾತೆಲ್ಲ ನನ್ನ ಮೂಲಕ ನಡೆಯುತ್ತಿತ್ತು. ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರೂ, ಕೇಳಿಸಿಯೇ ಇಲ್ಲವೆಂಬಂತೆ ನಾನು ಹೇಳುವ ತನಕ ಕಾಯುತ್ತಿದ್ದರು.

ನಾನು ಬಂದ ಎರಡನೆಯ ವರ್ಷ, ರೋಹಿಣಿ ಮಳೆಗೂ ಮುಂಚೆ, ಸಣ್ಣತ್ತೆ ತಮ್ಮ ಪಾಲಿನ ಒಣ ಮಣ್ಣಿನಲ್ಲಿ ಕೂರಿಗೆ ಹೂಡಿಸಿ ಭತ್ತ ಬಿತ್ತಿಸಿದರು. ಅವರ ತವರಿನಲ್ಲಿ ಹಾಗೇ ಬಿತ್ತುತ್ತಿದ್ದರಂತೆ. ಮಾವನದು ಮಡಿಯಲ್ಲಿ ಸಸಿ ಬೆಳೆಸಿ, ನೀರು ನಿಲ್ಲಿಸಿ, ಕೆಸರು ಮಾಡಿ ನಾಟಿ ಹಚ್ಚುವ ಪದ್ಧತಿ. ಅವರು ಬದುವಿನ ಮೇಲೆ ನಿಂತು ನೋಡಿದರು.

"ಒಣಾ ಮಣ್ಣಾಗ ಭತ್ತಾ ಹಾಕಿದ್ರ ಇರಿವಿ ತಿಂತಾವು ಅಂತ ಹೇಳವಾ ನಿಮ್ಮ ಸಣ್ಣತ್ತಿಗೆ."

"ಒಂದೀಟ ತಿನ್ನಲಿ, ಅವಕೂ ಹೊಟ್ಟಿ ಐತಿ ಅಂತ ಹೇಳ ನಿಮ್ಮ ಮಾವಾರಿಗೆ," ಎಂದರು ಸಣ್ಣತ್ತೆ.

ರೋಹಿಣಿಯಲ್ಲಿ ಎರಡು ಹದವಾದ ಮಳೆ ಬಿತ್ತು. ಸಾಲು ಸಾಲಾಗಿ ಭತ್ತ ಎದ್ದಿತು, ಭತ್ತಕ್ಕಿಂತ ಜೋರಾಗಿ ಕಸವೂ ಎದ್ದಿತು. ಆಮೇಲೆ ಮಿರಗದ, ಅಂದರೆ ಮೃಗಶಿರಾ ಮಳೆ ಬರೀ ಗಾಳಿಯಲ್ಲೇ ಹೋಯಿತು. ಸಣ್ಣತ್ತೆ ಮತ್ತು ನಾನು ಕುರುಪಿ ಹಿಡಿದು ಹನ್ನೊಂದು ದಿನ ಕುಕ್ಕರಗಾಲಿನಲ್ಲಿ ಕಸ ತೆಗೆದೆವು. ಕಿತ್ತಿದ್ದನ್ನು ಬದುವಿಗೆ ಎಸೆಯಲು ಅವರು ಬಿಡಲಿಲ್ಲ. ನೆಲ ಬೇಗ ಆರಬಾರದೆಂದು ಸಾಲಿನ ನಡುವೆಯೇ ಹಾಸಿಸಿದರು. ಒಣ ಬಿತ್ತನೆ ಸುಲಭವೆಂದು ಯಾರಾದರೂ ಅಂದರೆ ನನಗೆ ಈಗಲೂ ಆ ಸೊಂಟ ನೋವು ನೆನಪಾಗುತ್ತದೆ.

ಅತ್ತ ಮಾವ ಬಾವಿಯ ನೀರು ಹೊತ್ತು ಸಸಿ ಮಡಿ ಉಳಿಸಿಕೊಂಡರು. ಬಾವಿಯ ನೀರು ಮಡಿಗೆ ಸಾಕು, ಹೊಲ ಕೆಸರು ಮಾಡಲು ಸಾಲದು. ಸಸಿಗಳು ಮಡಿಯಲ್ಲೇ ಉದ್ದವಾಗಿ ಗಣ್ಣು ಬಿಟ್ಟವು. ದೊಡ್ಡ ಮಳೆ ಬಂದದ್ದು ಜುಲೈ ಕೊನೆಗೆ, ಪುಷ್ಯ ಮಳೆಯಲ್ಲಿ. ಅಷ್ಟರಲ್ಲಿ ಅವು ನಾಟಿಗೆ ಬಾರದಷ್ಟು ಬಲಿತಿದ್ದವು. ಮಾವ ಒಂದು ಹಿಡಿ ಕಿತ್ತು ತಿರುಗಿಸಿ ನೋಡಿ ಎತ್ತಿನ ಮುಂದೆ ಹಾಕಿದರು.

ಮರುದಿನ ಬೆಳಿಗ್ಗೆ ಸಣ್ಣತ್ತೆ ಬೇವಿನೆಲೆ ಬೆರೆಸಿಟ್ಟಿದ್ದ ಬೀಜದ ಬುಟ್ಟಿಯನ್ನು ಅಟ್ಟದಿಂದ ಇಳಿಸಿ ಪಡಸಾಲೆಯಲ್ಲಿಟ್ಟರು. ಮಾವ ಅಲ್ಲೇ ಕೂತಿದ್ದರು.

"ಕೆಂಪ ಭತ್ತಾ ಐತಿ, ಮೂರ ತಿಂಗಳಿಗೆ ಬರ್ತೈತಿ. ಮೊಳಕಿ ಬರಿಸಿ ಕೆಸರಾಗ ಚೆಲ್ಲಾಕ ಹೇಳ. ಹೊಸಾ ಸಸಿ ಮಾಡಾಕ ಈಗ ಹೊತ್ತಿಲ್ಲ," ಎಂದು ಸಣ್ಣತ್ತೆ ನನಗೆ ಹೇಳಿದರು.

ನಾನು ಮಾವನ ಕಡೆ ತಿರುಗುವಷ್ಟರಲ್ಲಿ ಅವರು ನನ್ನನ್ನು ದಾಟಿ ಸಣ್ಣತ್ತೆಯನ್ನೇ ನೋಡಿ ಕೇಳಿದರು: "ಎಷ್ಟ ಹೊತ್ತ ನೆನಸಬೇಕ?"

ಸಣ್ಣತ್ತೆ ಸೆರಗು ಮುಂದೆಳೆದುಕೊಂಡು ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಬೇಕೆಂದೇ ಸುಮ್ಮನಿದ್ದೆನೋ, ಏನೂ ತೋಚದೆಯೋ, ಈಗ ಹೇಳಲಾರೆ.

"ಒಂದ ದಿನಾ ಪೂರ್ತಿ ನೆನಸ್ರಿ," ಎಂದರು ಕೊನೆಗೆ. "ಆಮ್ಯಾಲ ಗೋಣಿಚೀಲದಾಗ ಕಟ್ಟಿ ಇಡ್ರಿ. ಚೆಲ್ಲಿದ ಮ್ಯಾಲ ನೀರ ನಿಲ್ಲಸಬ್ಯಾಡ್ರಿ, ಮೊಳಕಿ ಕೊಳೀತಾವು."

"ಹೂಂ," ಎಂದರು ಮಾವ, ಬುಟ್ಟಿ ಎತ್ತಿಕೊಂಡು ಹೋದರು. ಸಣ್ಣತ್ತೆ ಅಡುಗೆಮನೆಗೆ ಬಂದು ಒಂದು ತಂಬಿಗೆ ನೀರು ಕುಡಿದರು.

ಸಣ್ಣತ್ತೆಯ ಪಾಲಿನ ಸುಗ್ಗಿ ಮೊದಲು ಮುಗಿಯಿತು, ಬೆಳೆ ಚೆನ್ನಾಗಿಯೇ ಬಂತು. ಮಾವನದು ತಡವಾಗಿ, ತೆನೆ ಚಿಕ್ಕದಾಗಿ ಬಂತು, ಆದರೆ ಹೊಲ ಬೀಳು ಬೀಳಲಿಲ್ಲ. "ಅನ್ನ ಕೆಂಪ ಆತು," ಎನ್ನುತ್ತಲೇ ಅವರು ಎರಡನೆಯ ಸಲ ನೀಡಿಸಿಕೊಂಡರು.

ಮುಂದಿನ ರೋಹಿಣಿಗೆ ಮಾವ ತಮ್ಮ ಪಾಲಿನ ಅರ್ಧಕ್ಕೆ ಕೂರಿಗೆ ಹೂಡಿದರು, ಇನ್ನರ್ಧ ನಾಟಿಗೆ ಬಿಟ್ಟರು. ಆ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಬಂದು ನಾಟಿಯದೇ ಹುಲುಸಾಗಿ ಬೆಳೆಯಿತು. ಅದನ್ನು ಅವರು ಊರಲ್ಲಿ ಕಂಡವರಿಗೆಲ್ಲ ಹೇಳಿದರು. ಆದರೂ ಅದರ ಮರುವರ್ಷ ಬೇಸಿಗೆ ಮುಗಿಯುವ ಮೊದಲೇ, ಯಾರೂ ಕೇಳದಿದ್ದರೂ, ಕೂರಿಗೆಯ ನೆಲ ಸೀಳುವ ತಾಳು ಸರಿ ಮಾಡಿಸಲು ಅದನ್ನು ಬಡಿಗೇರನ ಮನೆಗೆ ತಾವೇ ಹೊತ್ತುಕೊಂಡು ಹೋದರು.