ಒಂದೂ ತಪ್ಪಿಲ್ಲದ ಉಕ್ತಲೇಖನ

ಗುರುಪೂರ್ಣಿಮೆ ಬಂತೆಂದರೆ ಈಗಲೂ ನನಗೆ ಮೈ ಉರಿಯುತ್ತದೆ. ಮೊಮ್ಮಕ್ಕಳು "ಅಜ್ಜಿ, ನಿಮ್ಮ ಗುರುಗಳ ಬಗ್ಗೆ ಹೇಳಿ" ಎಂದು ಕೇಳಿದರೆ, ಒಲೆಯ ಮೇಲೆ ಹಾಲುಂಟು ಎಂದು ಸುಳ್ಳು ಹೇಳಿ ಎದ್ದು ಹೋಗುತ್ತೇನೆ. ಸಿಟ್ಟು ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ. ಆದರೆ ಈ ಒಂದು ಸಿಟ್ಟನ್ನು ಮಾತ್ರ ಇಷ್ಟು ವರ್ಷ ನುಂಗಿಕೊಂಡೇ ಬಂದೆ. ಇನ್ನು ಸಾಕು.

ಅರವತ್ತರ ದಶಕದ ಮೊದಲ ವರ್ಷಗಳು. ಸುಳ್ಯದಿಂದ ನಡೆದು ಹೋಗುವಷ್ಟು ದೂರದ ಒಂದು ಶಾಲೆಗೆ ನಾನು ಟೀಚರಾಗಿ ಬಂದೆ. ಊರ ಹೆಸರು ಬೇಡ. ಇದ್ದದ್ದು ಇಬ್ಬರೇ, ನಾನು ಮತ್ತು ಹೆಡ್‌ಮಾಸ್ಟ್ರು. ಅವರು ಬೇರೆ ಯಾರೂ ಅಲ್ಲ, ಪುತ್ತೂರಿನಲ್ಲಿ ನನ್ನ ಕೈಹಿಡಿದು ಅಕ್ಷರ ತಿದ್ದಿಸಿದವರೇ. ಎರಡು ಪದಗಳ ನಡುವೆ ಒಂದು ಹುಣಿಸೆಬೀಜ ಕೂರುವಷ್ಟು ಜಾಗ ಬಿಡಬೇಕೆಂದು ನಿಜವಾಗಿಯೂ ಸ್ಲೇಟಿನ ಮೇಲೆ ಬೀಜ ಇಟ್ಟು ತೋರಿಸಿದವರು. ಅವರ ಕೈಕೆಳಗೇ ಕೆಲಸ ಸಿಕ್ಕಿತಲ್ಲ ಎಂದು ಅಮ್ಮ ತುಪ್ಪದ ದೀಪ ಹಚ್ಚಿದ್ದಳು. ಅಪ್ಪ ತೀರಿಕೊಂಡಿದ್ದರು, ಅಮ್ಮನಿಗೆ ಗಂಟುನೋವು. ಸುಳ್ಯದ ಪಂಡಿತರ ಎಣ್ಣೆ ಬಿದ್ದರೆ ಮಾತ್ರ ಅವಳು ಎದ್ದು ನಡೆಯುತ್ತಿದ್ದಳು. ಶಾಲೆಯ ಪಕ್ಕದಲ್ಲೇ ಎರಡು ಕೋಣೆ ಹಿಡಿದಿದ್ದೆವು. ಆ ಊರಲ್ಲಿ ಉಳಿಯುವುದೊಂದೇ ನನಗೆ ಬೇಕಾಗಿದ್ದದ್ದು.

ಆ ವರ್ಷ ಹುಣ್ಣಿಮೆಗೆ ವಾರವಿರುವಾಗ ಮಾಸ್ಟ್ರು ನನ್ನನ್ನು ಕರೆದರು.

"ಮಕ್ಕಳಿಗೆ ಗುರುಪೂಜೆ ಮಾಡ್ಲಿಕ್ಕೆ ಕಲಿಸು ಮಗಾ. ನೀನೇ ಮುಂದೆ ನಿಂತು ಮಾಡಿಸು. ನಾನು ಹೇಳಿದ್ರೆ ನನ್ನ ಪೂಜೆ ನಾನೇ ಮಾಡಿಸಿಕೊಂಡ ಹಾಗೆ ಆಗ್ತದೆ."

ಎಂಥ ವಿನಯ ಎಂದು ನನ್ನ ಕಣ್ಣು ತುಂಬಿತು. ಕರ್ಮ!

ವಾರವಿಡೀ ಕುಣಿದಾಡಿದೆ. ಪಾಠ ಮುಗಿಸಿ ಮಕ್ಕಳಿಗೆ ಶ್ಲೋಕ ಬಾಯಿಪಾಠ ಮಾಡಿಸಿದೆ, ನಮಸ್ಕಾರ ಮಾಡುವಾಗ ಒಬ್ಬರ ಕಾಲು ಒಬ್ಬರ ತಲೆಗೆ ತಾಗದ ಹಾಗೆ ಸಾಲು ನಿಲ್ಲಿಸಿದೆ. ಅವತ್ತು ಜಡಿಮಳೆ. ಆದರೂ ಓಲೆಕೊಡೆಗಳ ಕೆಳಗೆ ದಾಸವಾಳ, ತುಂಬೆ, ನಂದಿಬಟ್ಟಲು ಎಲ್ಲ ಬಂದವು. ಅಂಗಡಿಯ ಬ್ಯಾರಿಗಳ ಮಗ ಅಂಗಿಯೊಳಗೆ ಬೆಲ್ಲ ಮುಚ್ಚಿಕೊಂಡು ಬಂದು, "ಅಪ್ಪ ಕೊಟ್ಟದ್ದು ಟೀಚರ್, ನಾನು ನೆಕ್ಕಲಿಲ್ಲ" ಎಂದ. ಗಲ್ಲವೆಲ್ಲ ಅಂಟಂಟು. ಐದನೆಯ ತರಗತಿಯ ಹುಡುಗಿಯೊಬ್ಬಳು ಕರಿಹಲಗೆಯ ಮೇಲೆ "ಮುಂದೆ ಗುರಿ, ಹಿಂದೆ ಗುರು" ಎಂದು ಬರೆದಳು. ಅರೆಭಾಷೆ ಮಾತಾಡುವ ಗೌಡರ ಮನೆಯ ಮಗು, ಮುತ್ತು ಪೋಣಿಸಿದಂಥ ಅಕ್ಷರ. ನಾನೇ ಹುಣಿಸೆಬೀಜ ಇಟ್ಟು ಕಲಿಸಿದ್ದು.

ಮಾಸ್ಟ್ರು ಕುರ್ಚಿಯಲ್ಲಿ ಕುಳಿತರು. ಮಕ್ಕಳು ಕಾಲು ತೊಳೆದರು, ಹೂ ಹಾಕಿದರು. ನಾನೂ ಕಾಲಿಗೆ ಬಿದ್ದೆ. ಏಳುವಾಗ ಅವರು ನನ್ನ ತೋಳು ಹಿಡಿದು, "ಇನ್ನು ನೀನು ಕೂತ್ಕೊ" ಎಂದರು.

"ಛೆ ಛೆ, ನಾನೆಂತ ಕೂರುದು ಮಾಸ್ಟ್ರೇ!"

"ಮಕ್ಕಳಿಗೆ ನೀನೂ ಗುರುವೇ ಅಲ್ವಾ? ಕೂತ್ಕೊ ಮಾರಾಯ್ತಿ, ಗುರುವಿನ ಮಾತು ಮೀರ್ಬಾರ್ದು."

ಕುಳಿತೆ. ಕರಿಹಲಗೆಯ ಮೇಲೆ ಬರೆದ ಆ ಹುಡುಗಿಯೇ ಚೆಂಬಿನಿಂದ ನನ್ನ ಕಾಲಿಗೆ ನೀರು ಹೊಯ್ದಳು. ಸುಳ್ಳು ಯಾಕೆ ಹೇಳಲಿ, ಮನಸ್ಸು ಉಬ್ಬಿಹೋಗಿತ್ತು.

ಹದಿನೈದು ದಿನದಲ್ಲಿ ಶಾಲಾ ಇನ್ಸ್‌ಪೆಕ್ಟರರು ಬಂದರು. ಮಾಸ್ಟ್ರು ಅವತ್ತೇ ಸರಿಯಾಗಿ ರಜೆ. ಇನ್ಸ್‌ಪೆಕ್ಟರರು ಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದಿಟ್ಟರು. ಮೂಗರ್ಜಿ. ಕೆಳಗೆ ಹೆಸರಿಲ್ಲ, "ಊರಿನ ನೊಂದ ಪೋಷಕರು" ಎಂದಷ್ಟೇ ಇತ್ತು. "ಸದರಿ ಶಿಕ್ಷಕಿಯು ಬೋಧನೆಯನ್ನು ತ್ಯಜಿಸಿ, ವಿದ್ಯಾರ್ಥಿಗಳಿಂದ ಸ್ವಪಾದಪ್ರಕ್ಷಾಲನೆ ಮಾಡಿಸಿಕೊಂಡು, ಸ್ವೇಚ್ಛಾಚಾರದಿಂದ ವರ್ತಿಸುತ್ತಿರುವುದು..." ಹೀಗೆ ಒಂದು ಪುಟ. ಓದಿದ್ದು ಆಮೇಲೆ. ಮೊದಲು ಕಂಡದ್ದು ಪದ ಪದಗಳ ನಡುವೆ ಬಿಟ್ಟ ಜಾಗ. ಒಂದೊಂದು ಹುಣಿಸೆಬೀಜ ಕೂರುವಷ್ಟು, ಕರಿಹಲಗೆಯ ಹುಡುಗಿಯದೇ ಅಕ್ಷರ.

"ಯಾರ ಕೈಬರಹ ಅಂತ ಗೊತ್ತುಂಟಾ?" ಎಂದು ಕೇಳಿದರು.

ಕಾಗದವನ್ನು ಮಡಚಿ ಅವರಿಗೇ ವಾಪಸು ಕೊಟ್ಟೆ. ಒಂದು ವಾರದೊಳಗೆ ಲಿಖಿತ ಉತ್ತರ ಕೊಡಬೇಕೆಂದು ಹೇಳಿ ಹೋದರು.

ಮರುದಿನ ಹುಡುಗಿಯನ್ನು ಜಗಲಿಗೆ ಕರೆದೆ. ಕಾಲು ತೊಳೆದ ಕೈಯಿಂದಲೇ ಇದನ್ನು ಬರೆದೆಯಾ ಎಂದು ಕೆನ್ನೆಗೆ ಬಾರಿಸುವಷ್ಟು ಕೋಪವಿತ್ತು. "ಪಾದಪ್ರಕ್ಷಾಲನೆ ಅಂದ್ರೆ ಎಂತ?" ಎಂದೆ.

"ಗೊತ್ತಿಲ್ಲ ಟೀಚರ್" ಎಂದು ತಲೆ ಅಲ್ಲಾಡಿಸಿದಳು. ಆಮೇಲೆ ಮುಖ ಅರಳಿಸಿ, "ಆದ್ರೆ ಬರೀಲಿಕ್ಕೆ ಬರ್ತದೆ! ಹೆಡ್‌ಮಾಸ್ಟ್ರು ನನಗೊಬ್ಬಳಿಗೇ ಕಷ್ಟದ ಪದದ ಉಕ್ತಲೇಖನ ಕೊಟ್ಟದ್ದು. ಒಂದೂ ತಪ್ಪಿಲ್ಲ ಅಂತ ಹೇಳಿದ್ರು. ತಪ್ಪು ಉಂಟಾ ಟೀಚರ್?"

"ಇಲ್ಲ ಮಗಾ" ಎಂದೆ.

ಆಗ ತಿಳಿಯಿತು. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಇದೇ. ಮಾಸ್ಟ್ರ ತಮ್ಮನ ಹೆಂಡತಿಯೂ ಟೀಚರು, ಅವಳಿಗೆ ಸುಳ್ಯದ ಹತ್ತಿರ ನನ್ನ ಜಾಗ ಬೇಕಾಗಿತ್ತಂತೆ. ಊರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು. ತನ್ನ ಬರಹದ ಗುರುತು ಸಿಕ್ಕಿಬಿಡುತ್ತದೆಂದು ಮಗುವಿನ ಕೈಯಲ್ಲಿ ಬರೆಸಿದರಲ್ಲ, ಆ ಕೈ ಅವರದೇ ಎಂದು ಅವರಿಗೆ ಹೊಳೆಯಲೇ ಇಲ್ಲವೇ? ಅವರು ನನಗೆ ಕಲಿಸಿದ್ದು, ನಾನು ಅವಳಿಗೆ ಕಲಿಸಿದ್ದು.

ಉತ್ತರ ಬರೆಯಲು ಮೂರು ಸಲ ಕುಳಿತೆ. ಇದ್ದದ್ದು ಇದ್ದ ಹಾಗೆ ಬರೆದರೆ ನಾನು ಉಳಿಯುತ್ತಿದ್ದೆನೋ ಏನೋ. ಆದರೆ ಹುಡುಗಿಯನ್ನು ಕಚೇರಿಗೆ ಕರೆಸುತ್ತಾರೆ, ಮಾಸ್ಟ್ರು "ನಾನು ಹೇಳಲೇ ಇಲ್ಲ" ಎನ್ನುತ್ತಾರೆ, ಅವಳಪ್ಪ ಅವತ್ತೇ ಶಾಲೆ ಬಿಡಿಸುತ್ತಾನೆ. "ಕೈಬರಹ ಗುರುತಿಲ್ಲ" ಎಂದು ಬರೆದೆ. ನನ್ನನ್ನು ದೊಡ್ಡ ಮನಸ್ಸಿನವಳೆಂದು ತಿಳಿಯಬೇಡಿ. ಬರೆಯುವಾಗ ಅವರ ವಂಶಕ್ಕೆಲ್ಲ ಶಾಪ ಹಾಕುತ್ತಲೇ ಬರೆದೆ.

ವರ್ಗದ ಆದೇಶ ಬಂತು. ಕಡಬದಿಂದಲೂ ಆಚೆ, ಹೊಳೆ ದಾಟಿ ಹೋಗಬೇಕಾದ ಊರು. "ಅಲ್ಲಿ ಪಂಡಿತರು ಉಂಟಾ?" ಎಂದು ಅಮ್ಮ ಒಂದೇ ಸಲ ಕೇಳಿದಳು. ಮತ್ತೆ ಕೇಳಲಿಲ್ಲ.

ಹೊರಡುವ ದಿನ ಮಕ್ಕಳು ಸಾಲಾಗಿ ನಿಂತರು, ನಾನೇ ಕಲಿಸಿದ ಸಾಲು. ಮಾಸ್ಟ್ರು ಮಕ್ಕಳೆದುರು ಬಂದು ನಿಂತು, ಆಶೀರ್ವಾದಕ್ಕೆ ಕೈ ಎತ್ತಿ, "ಎಲ್ಲಿದ್ರೂ ಒಳ್ಳೇದಾಗ್ಲಿ ಮಗಾ" ಎಂದರು. ನಾನು ಬಾಗಲಿಲ್ಲ.

"ಮಾಸ್ಟ್ರೇ, ನೀವು ಕೊಟ್ಟ ಉಕ್ತಲೇಖನ ನೋಡಿದೆ" ಎಂದೆ. "ಭಾರೀ ಲಾಯ್ಕ ಉಂಟು. ನೀವು ಕಲಿಸಿದ ಹಾಗೆಯೇ ಹುಣಿಸೆಬೀಜದಷ್ಟು ಜಾಗ ಬಿಟ್ಟಿದ್ದಾಳೆ."

ಎತ್ತಿದ ಕೈ ಮೆಲ್ಲಗೆ ಇಳಿಯಿತು. ಅವರು ನೆಲ ನೋಡಿದರು. ಸಾಲಿನಲ್ಲಿ ನಿಂತಿದ್ದ ಹುಡುಗಿ ಮಾತ್ರ, ಎಲ್ಲರೆದುರು ಟೀಚರು ತನ್ನನ್ನು ಹೊಗಳಿದರೆಂದು, ಖುಷಿಯಿಂದ ಪಕ್ಕದವಳ ಕೈ ಚಿವುಟಿದಳು.